ಅಂಚೆಯ ಪಾಠವೂ ಶಿಶುವಿಹಾರವೂ



ದೂರದಲ್ಲಿರುವ ಗುರುವಿನಿಂದ ಕಾಗದದ ಮೂಲಕ ಪಾಠ ಹೇಳಿಸಿಕೊಂಡು, ಚರಿತ್ರೆಯನ್ನೋ ಕಾನೂನನ್ನೋ ಗಣಿತವನ್ನೋ ಕಲಿತು ಪರೀಕ್ಷೆಯಲ್ಲಿ ತೇರ್ಗಡೆಯಾದವರು ನಮ್ಮಲ್ಲಿ ಅನೇಕರಿದ್ದಾರೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಮೂರು ವರ್ಷದ ಮಗುವನ್ನು ಸಂತೈಸಿ, ಅದರ ಕೈಗೆ ತಕ್ಕ ಕೆಲಸವನ್ನು ಕೊಟ್ಟು, ಅದರ ಮಾತನ್ನೂ ಮೌನವನ್ನೂ ಅರಿತು ನಡೆಯುವ ವಿದ್ಯೆಯಿದೆಯಷ್ಟೆ. ಅದನ್ನು ಅಂಚೆಯವನು ತಂದುಕೊಡಬಲ್ಲನೆ? ಇದು ಪಂಡಿತರ ಜಿಜ್ಞಾಸೆಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಇದಕ್ಕೆ ಒಂದು ಕಡೆಯಲ್ಲಿ, ಮನೆ ಮಕ್ಕಳನ್ನು ಬಿಟ್ಟು ಪಟ್ಟಣದ ತರಬೇತಿನ ಶಾಲೆಗೆ ಹೋಗಲಾರದ ಹೆಣ್ಣುಮಗಳ ಬಾಳು ಗಂಟುಬಿದ್ದಿದೆ. ಮತ್ತೊಂದು ಕಡೆಯಲ್ಲಿ, ಆಕೆ ಅರೆಬರೆ ಕಲಿತು ಬಂದರೆ ಅದರ ಫಲವನ್ನು ಅನುಭವಿಸಬೇಕಾದ, ಆದರೆ ದೂರು ಹೇಳಲು ತಿಳಿಯದ ಕೂಸು ಇದೆ. ಇಬ್ಬರಿಗೂ ನ್ಯಾಯ ದೊರೆಯಬೇಕು. ಹಿಂದಿನವರು ಈ ತೊಡಕನ್ನು ಹೇಗೆ ಬಿಡಿಸಿಕೊಂಡರೆಂಬುದನ್ನು ಈ ಭಾಷಣದಲ್ಲಿ ವಿಚಾರಮಾಡೋಣ.

ಅಂಚೆಯ ಪಾಠ, ಶಿಶುವಿಹಾರ, ಈ ಎರಡೂ ಒಂದೇ ವರ್ಷದಲ್ಲಿ ಲೋಕಕ್ಕೆ ಪರಿಚಿತವಾದುವು. 1840ನೆಯ ಇಸವಿಯ ಜನವರಿಯಲ್ಲಿ ಇಂಗ್ಲೆಂಡಿನ ಸರ್ಕಾರದವರು ದೇಶದ ಯಾವ ಮೂಲೆಗಾದರೂ ಒಂದೇ ಪೆನ್ನಿಯ ದರದಲ್ಲಿ ಕಾಗದವನ್ನು ಮುಟ್ಟಿಸುವ ಏರ್ಪಾಡನ್ನು ಜಾರಿಗೆ ತಂದರು. ಅದುವರೆಗೆ ಕಾಗದ ಹೋಗುವ ದೂರಕ್ಕೆ ತಕ್ಕಂತೆ ದರವು ಏರುತ್ತಿದ್ದುದರಿಂದ ಬಡವರಿಗೆ ಅಂಚೆಯು ಎಟುಕುತ್ತಿರಲಿಲ್ಲ. ಶೀಘ್ರಲಿಪಿಯನ್ನು ನಿರ್ಮಿಸಿದ ಐಸಾಕ್ ಪಿಟ್ಮನ್ ಎಂಬಾತನು ಈ ಸೌಲಭ್ಯವನ್ನು ಕೂಡಲೇ ಉಪಯೋಗಿಸಿಕೊಂಡನು. ಶಿಷ್ಯರು ಮನೆಯಲ್ಲಿ ಅಭ್ಯಾಸಮಾಡಿ ಬರೆದುದನ್ನು ಅಂಚೆಯಲ್ಲಿ ಕಳುಹಿಸುವುದು, ತಪ್ಪುಗಳನ್ನು ತಿದ್ದಿ ಅದನ್ನು ಹಿಂದಕ್ಕೆ ಕಳುಹಿಸುವುದು, ಇದೇ ಆತನ ಪದ್ಧತಿ. ಪಾಠವನ್ನು ಕಳುಹಿಸುವುದಕ್ಕಿಂತ ತಿದ್ದಿ ಹಿಂದಿರುಗಿಸುವುದೇ ಇದರ ಜೀವಾಳವೆಂಬುದನ್ನು ಶ್ರೋತೃಗಳು ನೆನಪಿನಲ್ಲಿಡಬೇಕು.

ಅದೇ 1840ರ ಜೂನ್ 28ರಂದು, ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ, ಫ್ರೀಡ್ರಿಕ್ ಫ್ರೋಬೆಲ್ ತನ್ನ ಸಂಸ್ಥೆಗೆ 'ಕಿಂಡರ್‌ಗಾರ್ಟನ್', ಎಂದರೆ ಮಕ್ಕಳ ತೋಟ, ಎಂಬ ಹೆಸರನ್ನು ಸಾರಿ ಪ್ರತಿಷ್ಠಾಪಿಸಿದನು. ಮೂರು ವರ್ಷಗಳ ಹಿಂದೆಯೇ ಆತನು ಅಲ್ಲಿ ಕೆಲಸವನ್ನು ತೊಡಗಿದ್ದನು. ಹುಟ್ಟಿ ವರ್ಷ ತುಂಬುವುದರೊಳಗೆ ತಾಯಿಯನ್ನು ಕಳೆದುಕೊಂಡಿದ್ದ ಈತನಿಗೆ ಎಳೆಯ ಮಗುವಿನ ಮನಸ್ಸೇ ಜೀವಮಾನದ ವ್ಯಾಸಂಗವಾಯಿತು. ಬಣ್ಣಬಣ್ಣದ ಆರು ಉಣ್ಣೆಯ ಚೆಂಡುಗಳು, ಮರದ ಗುಂಡು, ಉರುಳೆ, ಚೌಕದ ದಿಮ್ಮಿ, ಇವುಗಳನ್ನು ಆತನು ಮಗುವಿಗೆ ಕೊಡತಕ್ಕ 'ಕೊಡುಗೆ'ಗಳೆಂದು ಕರೆದು ಕ್ರಮವಾಗಿ ಜೋಡಿಸಿದನು. ಆಟವೇ ಮಗುವಿನ ವಿದ್ಯಾಭ್ಯಾಸವೆಂಬುದು ಆತನ ಸಿದ್ಧಾಂತ.

ಈ ಚೆಂಡನ್ನೂ ದಿಮ್ಮಿಯನ್ನೂ ಪೆಟ್ಟಿಗೆಯಲ್ಲಿಟ್ಟು ಯಾವ ಊರಿಗಾದರೂ ಕಳುಹಿಸಬಹುದು. ಅವುಗಳ ವಿವರಣೆಯನ್ನು ಅಚ್ಚುಹಾಕಿಸಬಹುದು. ಆದರೆ ಮಗುವಿನ ಮುಂದೆ ಚೆಂಡನ್ನು ಯಾವಾಗ ಇಡಬೇಕು, ಮಗು ತಾನಾಗಿ ಆಡತೊಡಗಿದ ಮೇಲೆ ಯಾವ ಗಳಿಗೆಯಲ್ಲಿ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಬರೆದು ತಿಳಿಸುವುದು ಕಷ್ಟ. ಫ್ರೋಬೆಲನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದುದರಿಂದಲೇ ಆತನು ಕೊನೆಗಾಲದಲ್ಲಿ ಮಾರಿಯೆಂಥಾಲ್ ಎಂಬಲ್ಲಿ ತರುಣಿಯರನ್ನು ತನ್ನ ಬಳಿಯಲ್ಲೇ ಇರಿಸಿಕೊಂಡು, ಮಕ್ಕಳ ನಡುವೆ ನಿಲ್ಲಿಸಿ ತರಬೇತು ಕೊಟ್ಟನು. ಹಾಗೆಂದು ಮನೆಯಲ್ಲಿರುವ ತಾಯಂದಿರನ್ನು ಆತನು ಮರೆಯಲಿಲ್ಲ. 1844ರಲ್ಲಿ ತಾಯಿಯೂ ಮಗುವೂ ಕೂಡಿ ಹಾಡಿ ಆಡತಕ್ಕ ಬೆರಳಾಟಗಳ ಪುಸ್ತಕವೊಂದನ್ನು, ಚಿತ್ರಗಳೊಡನೆಯೂ ತಾಯಂದಿರಿಗಾಗಿ ಬರೆದ ವಿವರಣೆಗಳೊಡನೆಯೂ ಪ್ರಕಟಿಸಿದನು. ಶಾಲೆಗೆ ಬರಲಾರದ ಶಿಷ್ಯೆಯ ಬಳಿಗೆ ಗುರುವೇ ಪುಸ್ತಕದ ರೂಪದಲ್ಲಿ ಹೋದಂತಾಯಿತು.

1851ರಲ್ಲಿ ಪ್ರಷ್ಯದ ಸರ್ಕಾರವು ಫ್ರೋಬೆಲನ ಅಭಿಪ್ರಾಯಗಳನ್ನೂ ಆತನ ಸೋದರನ ಮಗ ಕಾರ್ಲನ ಅಭಿಪ್ರಾಯಗಳನ್ನೂ ಒಂದೆಂದು ಭಾವಿಸಿ, ಶಿಶುವಿಹಾರಗಳು ನಾಸ್ತಿಕತೆಯನ್ನು ಹರಡುತ್ತವೆಂದು ಅವುಗಳನ್ನು ನಿಷೇಧಿಸಿತು. ಮರುವರ್ಷವೇ ಫ್ರೋಬೆಲ್ ಕಾಲವಾದನು. ನಿಷೇಧವು ರದ್ದಾದುದು 1860ರಲ್ಲಿ. ಆದರೆ ಆತನ ಪದ್ಧತಿಯನ್ನರಿತ ಸ್ತ್ರೀಯರು ಅದನ್ನು ಕಡಲಾಚೆಗೆ ಒಯ್ದರು. 1851ರಲ್ಲಿ ಬರ್ತಾ ರೋಂಗೆ ಲಂಡನ್ನಿನಲ್ಲಿಯೂ, 1856ರಲ್ಲಿ ಮಾರ್ಗರೇಟ ಶುರ್ಜ್ ಅಮೆರಿಕದ ವಾಟರ್‌ಟೌನಿನಲ್ಲಿಯೂ ಶಿಶುವಿಹಾರಗಳನ್ನು ತೆರೆದರು. ಹೀಗೆ ಈ ವಿದ್ಯೆ ಬಹುಕಾಲ ಕಂಡವರಿಂದ ಕಂಡವರಿಗೆ, ಕೈಯಿಂದ ಕೈಗೆ ಬಂದಿತು.

ಇತ್ತ ಅಂಚೆಯ ಪಾಠವೂ ಬೆಳೆಯುತ್ತಿತ್ತು. 1858ರಿಂದ ಲಂಡನ್ ವಿಶ್ವವಿದ್ಯಾನಿಲಯವು ಕಾಲೇಜಿನಲ್ಲಿ ಓದದವರನ್ನೂ ತನ್ನ ಪರೀಕ್ಷೆಗೆ ಸೇರಿಸಿಕೊಳ್ಳತೊಡಗಿತು. ಹೆಂಗಸರಿಗೆ ಅಲ್ಲಿನ ಪದವಿಗಳು ದೊರೆಯುವಂತಾದುದು 1878ರಲ್ಲಿ. ಅಮೆರಿಕದ ಬಾಸ್ಟನ್ ನಗರದಲ್ಲಿ 1873ರಲ್ಲಿ ಆನ ಟಿಕ್ನರ್ ಎಂಬಾಕೆ, ಮನೆಯಲ್ಲಿಯೇ ವ್ಯಾಸಂಗಮಾಡುವವರನ್ನು ಪ್ರೋತ್ಸಾಹಿಸುವ ಸಂಘವೊಂದನ್ನು ಸ್ಥಾಪಿಸಿದರು. ಪುಸ್ತಕಗಳನ್ನು ಅಂಚೆಯ ಮೂಲಕ ಎರವಲು ಕೊಡುವುದು, ಶಿಷ್ಯೆಯು ಓದಿ ಬರೆದುದನ್ನು ತರಿಸಿಕೊಂಡು ತಿಂಗಳು ತಿಂಗಳಿಗೂ ಉತ್ತರ ಬರೆಯುವುದು, ಇದು ಅದರ ಕ್ರಮ. ಕಲಿಯುವವರೂ ಕಲಿಸುವವರೂ ಬಹುಮಟ್ಟಿಗೆ ಹೆಂಗಸರೇ. 1897ರಲ್ಲಿ ಮುಚ್ಚುವವರೆಗೆ ಈ ಸಂಘದಿಂದ ಸಾವಿರಾರು ಮಂದಿ ಸ್ತ್ರೀಯರು ಉಪಕೃತರಾದರು.

ಈ ಎರಡು ಪ್ರವಾಹಗಳನ್ನು ಕೂಡಿಸಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಷಾರ್ಲಟ್ ಮೇಸನ್. ತಂದೆತಾಯಿಗಳನ್ನು ಕಳೆದುಕೊಂಡು ಉಪಾಧ್ಯಾಯಿನಿಯ ಕೆಲಸದಿಂದಲೇ ಜೀವನ ಸಾಗಿಸಿದ ಈಕೆ, ಎಳೆಯ ಮಕ್ಕಳ ಮನೆಯ ಶಿಕ್ಷಣವನ್ನು ಕುರಿತು ಮಾಡಿದ ಉಪನ್ಯಾಸಗಳನ್ನು 1886ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮರುವರ್ಷ ಬ್ರಾಡ್‌ಫರ್ಡಿನಲ್ಲಿ ತಂದೆತಾಯಿಗಳ ಸಂಘವೊಂದು ಹುಟ್ಟಿತು. 1891ರಲ್ಲಿ ಅಂಚೆಯ ಮೂಲಕವೇ ನಡೆಯುವ ಒಂದು ಶಾಲೆ ಏರ್ಪಟ್ಟಿತು. ಅವಧಿಯ ಮೊದಲಲ್ಲಿ ಪಾಠಕ್ರಮವೂ ಓದತಕ್ಕ ಪುಸ್ತಕಗಳ ಹೆಸರೂ ಮನೆಗೆ ಬರುತ್ತಿದ್ದುವು; ಕೊನೆಯಲ್ಲಿ ಪ್ರಶ್ನೆಪತ್ರಿಕೆ ಬರುತ್ತಿತ್ತು; ಮಕ್ಕಳ ಉತ್ತರಗಳು ಹಿಂದಕ್ಕೆ ಹೋಗಿ ಪರೀಕ್ಷಿತವಾಗುತ್ತಿದ್ದುವು. ಇದರಿಂದ ಮಕ್ಕಳು ಎಷ್ಟು ಕಲಿತರೋ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ತಾಯಂದಿರೂ ಅಷ್ಟೇ ಕಲಿತರು. ತಾಯಂದಿರಿಗಾಗಿಯೇ ಮೂರು ವರ್ಷಗಳ ಓದಿನ ಕ್ರಮವೊಂದನ್ನೂ ಆಕೆ ನಡೆಸಿದರು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಅಂಚೆಯ ಪಾಠದಲ್ಲಿ ಇಷ್ಟು ನಂಬಿಕೆಯಿದ್ದ ಇದೇ ಷಾರ್ಲಟ್ ಮೇಸನ್, ಮಕ್ಕಳಿಗೆ ಕಲಿಸುವುದನ್ನೇ ವೃತ್ತಿಯನ್ನಾಗಿ ಮಾಡಿಕೊಳ್ಳುವ ತರುಣಿಯರಿಗೆ ಅಂಚೆಯೊಂದೇ ಸಾಕೆನ್ನಲಿಲ್ಲ. 1892ರಲ್ಲಿ ಆಂಬಲ್‌ಸೈಡ್ ಎಂಬ ಊರಿನಲ್ಲಿ ವಿದ್ಯಾಲಯವನ್ನು ತೆರೆದು, ಅವರನ್ನು ಎರಡು ವರ್ಷ ಅಲ್ಲಿಯೇ ಇರಿಸಿಕೊಂಡು, ಅಭ್ಯಾಸದ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಿಸಿ ತಿದ್ದಿದರು. ಈ ಭೇದಕ್ಕೆ ಕಾರಣವೇನೆಂದು ಯೋಚಿಸಿದರೆ ಒಂದು ತತ್ತ್ವ ಹೊಳೆಯುತ್ತದೆ. ತಾಯಿಯ ಮುಂದೆ ಮಗು ಹಗಲಿರುಳೂ ಇದೆ. ಓದಿದುದನ್ನು ಆಕೆ ಆಗಲೇ ಪ್ರಯೋಗಿಸಿ ನೋಡಬಲ್ಲಳು. ತಪ್ಪಿದರೆ ಮಗುವೇ ಅದನ್ನು ತೋರಿಸಿಕೊಡುತ್ತದೆ. ಮಗುವಿಲ್ಲದ ಕಡೆಯಲ್ಲಿ ಕುಳಿತು ಶಿಶುಶಿಕ್ಷಣವನ್ನು ಓದುವವರಿಗೆ ಈ ಸೌಲಭ್ಯವಿಲ್ಲ. ಆದಕಾರಣ ಗುರು ದೂರವಿರುವುದು ದೊಡ್ಡ ಕೊರತೆಯಲ್ಲ; ಮಗು ದೂರವಿರುವುದೇ ಕೊರತೆ.

ನಮ್ಮ ದೇಶದ ಕಡೆಗೆ ತಿರುಗೋಣ. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ಬಾಲಮಂದಿರವನ್ನು ತೆರೆದರು. ಇವರು ವಕೀಲಿ ವೃತ್ತಿಯನ್ನು ಬಿಟ್ಟು ಮಕ್ಕಳ ಕಡೆಗೆ ಬಂದವರು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘವು ಹುಟ್ಟಿತು. ಬಾಲಮಂದಿರವನ್ನು ಎಲ್ಲರೂ ಬಂದು ನೋಡಲಾಗುವುದಿಲ್ಲವೆಂದು ಅವರೂ ತಾರಾಬಾಯಿ ಮೋಡಕ್ ಅವರೂ 'ಶಿಕ್ಷಣ ಪತ್ರಿಕೆ'ಯ ಮೂಲಕ ಹೊಸ ವಿಚಾರಗಳನ್ನು ಗುಜರಾತಿ ಮರಾಠಿ ಓದುಗರ ಮನೆಗಳಿಗೆ ಮುಟ್ಟಿಸಿದರು. ದೇಶಭಾಷೆಯಲ್ಲಿ, ತಾಯಂದಿರಿಗೂ ಹಳ್ಳಿಯ ಉಪಾಧ್ಯಾಯರಿಗೂ ತಿಳಿಯುವಂತೆ ಬರೆದುದು ಇವರ ಹಿರಿಮೆ. 1945ರಲ್ಲಿ ತಾರಾಬಾಯಿಯವರು ಅನುತಾಯಿ ವಾಘ್ ಅವರೊಡನೆ ಬೋರ್ಡಿ ಎಂಬ ಹಳ್ಳಿಯಲ್ಲಿ ಕೆಲಸಕ್ಕೆ ತೊಡಗಿದರು. ಬಡವರ ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂದು ಅವರು ನಿಶ್ಚಯಿಸಿದರು. 'ಅಂಗನವಾಡಿ' ಎಂಬ ಮಾತಿನಲ್ಲಿರುವುದು ಈ ಅಂಗಳವೇ.

ಈ ನಡುವೆ, 1939ರ ನವೆಂಬರಿನಲ್ಲಿ, ಮರಿಯಾ ಮಾಂಟೆಸರಿ ಅವರು ಮದರಾಸಿಗೆ ಬಂದು ಅಡಯಾರಿನಲ್ಲಿ ತರಬೇತಿನ ತರಗತಿಯನ್ನು ಆರಂಭಿಸಿದರು. ದೇಶದ ನಾನಾ ಭಾಗಗಳಿಂದ ಸುಮಾರು 300 ಮಂದಿ ಬಂದು ಸೇರಿದರು. ಮರುವರ್ಷ ಇಟಲಿಯು ಯುದ್ಧಕ್ಕಿಳಿಯಲು, ಅವರ ಮಗ ಮಾರಿಯೋ ಅವರನ್ನು ಸರ್ಕಾರವು ಕೆಲವು ಕಾಲ ಬಂಧನದಲ್ಲಿಟ್ಟಿತು. 1946ರಲ್ಲಿ ಯೂರೋಪಿಗೆ ಹಿಂದಿರುಗುವವರೆಗೆ ಅವರು ಇಲ್ಲಿಯೇ ಉಳಿದು, ಸಾವಿರಕ್ಕೂ ಹೆಚ್ಚು ಮಂದಿ ಶಿಕ್ಷಕರನ್ನು ತಯಾರುಮಾಡಿದರು. ಅವರ ಪದ್ಧತಿಯಲ್ಲಿ ಉಪನ್ಯಾಸವನ್ನು ಕೇಳಿದರೆ ಸಾಲದು. ಶಿಷ್ಯರು ಪ್ರತಿಯೊಂದು ಸಾಮಗ್ರಿಯ ಉಪಯೋಗವನ್ನೂ ತಮ್ಮ ಕೈಯಿಂದಲೇ ಬರೆದಿಡಬೇಕು, ಸಾಮಗ್ರಿಯನ್ನು ಮುಟ್ಟಿ ಅಭ್ಯಾಸಮಾಡಬೇಕು, ಮಾತನಾಡದೆ ಕುಳಿತು ಮಕ್ಕಳನ್ನು ಅವಲೋಕಿಸಬೇಕು. ಇವುಗಳಲ್ಲಿ ಬರೆಯುವುದೂ ಅವಲೋಕಿಸುವುದೂ ಕಲಿಯುವವನ ಊರಿನಲ್ಲಿಯೇ ನಡೆಯಬಲ್ಲುವು. ಕೈಯ ಅಭ್ಯಾಸಕ್ಕೆ ಮಾತ್ರ ಬಲ್ಲವರು ಹತ್ತಿರವಿರಬೇಕು.

ಸ್ವಾತಂತ್ರ್ಯಾನಂತರ ಈ ಪ್ರಶ್ನೆಯ ಗಾತ್ರವೇ ಬದಲಾಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಅವುಗಳಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಇಂದು ದೇಶದಲ್ಲಿ 13 ಲಕ್ಷಕ್ಕೂ, ಕರ್ನಾಟಕದಲ್ಲಿ 60,000ಕ್ಕೂ ಮಿಕ್ಕಿ ಅಂಗನವಾಡಿಗಳಿವೆ. ಅಲ್ಲಿಯ ಕಾರ್ಯಕರ್ತೆಯು ಮಕ್ಕಳಿಗೆ ಆಹಾರವನ್ನು ಕೊಡಬೇಕು, ತೂಕವನ್ನು ಬರೆದಿಡಬೇಕು, ಚುಚ್ಚುಮದ್ದಿಗೆ ತಾಯಂದಿರನ್ನು ಕರೆತರಬೇಕು. ಇವೆಲ್ಲದರ ನಡುವೆ ಆಟಪಾಠವನ್ನೂ ನಡೆಸಬೇಕು. ಆಕೆಯನ್ನು ವರ್ಷಗಟ್ಟಲೆ ಪಟ್ಟಣದ ವಿದ್ಯಾಲಯಕ್ಕೆ ಕಳುಹಿಸಿದರೆ ಅಂಗನವಾಡಿಯ ಬಾಗಿಲು ತೆರೆಯುವವರಾರು?

ದೂರದಿಂದ ಕಲಿಸುವ ಸಾಧನಗಳೂ ಇಷ್ಟರಲ್ಲಿ ಬೆಳೆದಿದ್ದುವು. ಮೈಸೂರಿಗರಿಗೆ ಇದು ಹೊಸದಲ್ಲ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿ, ವಿದ್ವಾಂಸರ ಮಾತನ್ನು ಮನೆಮನೆಗೆ ಮುಟ್ಟಿಸಿದರು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆ ಮತ್ತು ತೆರಪಿನ ಶಿಕ್ಷಣದ ಸಂಸ್ಥೆಯನ್ನು ತೆರೆಯಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಎಳೆಯ ಮಕ್ಕಳ ಪಾಲನೆ ಶಿಕ್ಷಣಗಳನ್ನು ಕುರಿತು ಡಿಪ್ಲೊಮಾ ಒಂದನ್ನು ರೂಪಿಸಿ, ಓದಿನೊಡನೆ ಸ್ವಂತ ಕೆಲಸದ ಯೋಜನೆಯನ್ನೂ ಅದರಲ್ಲಿ ಸೇರಿಸಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ವಿಷಯದಲ್ಲಿ ಸ್ಪಷ್ಟವಾದ ಮಾತನ್ನಾಡಿದೆ. ಹನ್ನೆರಡನೆಯ ತರಗತಿಯನ್ನು ಮುಗಿಸಿದ ಅಂಗನವಾಡಿ ಕಾರ್ಯಕರ್ತೆಯರಿಗೆ 6 ತಿಂಗಳ, ಅದಕ್ಕಿಂತ ಕಡಿಮೆ ಓದಿದವರಿಗೆ 1 ವರ್ಷದ ಶಿಕ್ಷಣಕ್ರಮವನ್ನು ಅದು ಸೂಚಿಸಿದೆ. ಇದು ದೂರದರ್ಶನದ ವಾಹಿನಿ, ಮೊಬೈಲು ಫೋನು ಮೊದಲಾದುವುಗಳ ಮೂಲಕ, ಅವರ ಕೆಲಸಕ್ಕೆ ಆದಷ್ಟು ಅಡ್ಡಿಯಾಗದಂತೆ ನಡೆಯಬಹುದು. ಆದರೆ ತಿಂಗಳಿಗೆ ಒಂದು ಸಲವಾದರೂ ಎಲ್ಲರೂ ಮುಖಾಮುಖಿಯಾಗಿ ಸೇರುವ ತರಗತಿಯಿರಬೇಕು ಎಂಬುದು ಅದರ ಸೂಚನೆ. ಬಾಸ್ಟನ್ನಿನ ಆ ಮಹಿಳೆಯ ತಿಂಗಳ ಕಾಗದವನ್ನೂ, ಆಂಬಲ್‌ಸೈಡಿನ ಅಭ್ಯಾಸದ ಶಾಲೆಯನ್ನೂ ಇದು ನೆನಪಿಗೆ ತರುತ್ತದೆ.

ಹೀಗೆ ನೋಡಿದರೆ ಅಂಗನವಾಡಿಯ ಕಾರ್ಯಕರ್ತೆ ಅನನುಕೂಲದ ಸ್ಥಿತಿಯಲ್ಲಿಲ್ಲ. ಆಕೆಯ ಗುರು ದೂರವಿರಬಹುದು. ಮಕ್ಕಳು ದಿನವೂ ಎದುರಿಗಿದ್ದಾರೆ. ನೆನ್ನೆ ಓದಿದ ಪಾಠವನ್ನು ಈ ಹೊತ್ತು ಪರೀಕ್ಷಿಸುವ ಭಾಗ್ಯ ಪಟ್ಟಣದ ತರಗತಿಯಲ್ಲಿ ಕುಳಿತವರಿಗೆ ಸುಲಭವಾಗಿ ಬರುವುದಲ್ಲ. ಆದರೆ ಆಕೆ ಕಂಡುದನ್ನು ಬರೆದಾಗ ಅದನ್ನು ಓದಿ ತಿದ್ದುವವರೊಬ್ಬರು ಇರಬೇಕು; ತಿಂಗಳಿಗೊಮ್ಮೆ ಆಕೆಯ ಕೈಯನ್ನು ನೋಡಿ, ಇಲ್ಲಿ ಸರಿ, ಇಲ್ಲಿ ತಪ್ಪು ಎಂದು ಹೇಳುವ ಅನುಭವಸ್ಥರು ಬರಬೇಕು. ಈ ಎರಡು ಅಂಶಗಳಿಗೆ ತಗಲುವ ವೆಚ್ಚವನ್ನು ಉಳಿಸಲು ಹೊರಟು, ಪಾಠವನ್ನು ಕಳುಹಿಸಿ ಪ್ರಮಾಣಪತ್ರವನ್ನು ಕೊಟ್ಟುಬಿಟ್ಟರೆ, ಅದು ಕಾಗದದ ವ್ಯವಹಾರವಾದೀತೇ ಹೊರತು ಶಿಕ್ಷಣವಾಗಲಾರದು. ಆ ಉಳಿತಾಯದ ಸಾಲವನ್ನು ತೀರಿಸಬೇಕಾದವರು ಮೂರು ವರ್ಷದ ಮಕ್ಕಳು.

ತಿದ್ದಿದ ಕಾಗದವು ಹಿಂದಿರುಗಿ ಬಂದುದರಿಂದಲೇ ಪಿಟ್ಮನ್ನನ ಶಿಷ್ಯರು ಕಲಿತರು. ಮಗುವಿನ ಪಕ್ಕದಲ್ಲಿ ನಿಂತುದರಿಂದಲೇ ಫ್ರೋಬೆಲನ ಶಿಷ್ಯೆಯರು ಕಲಿತರು. 1840ರಲ್ಲಿ ಬೇರೆಬೇರೆಯಾಗಿ ಹುಟ್ಟಿದ ಈ ಎರಡು ಕ್ರಮಗಳು ಒಬ್ಬಳೇ ವಿದ್ಯಾರ್ಥಿನಿಗೆ ಒಟ್ಟಾಗಿ ದೊರೆಯುವಂತೆ ಮಾಡುವುದು ನಮ್ಮ ಕಾಲದವರ ಕರ್ತವ್ಯ. ಹಾಗೆ ಮಾಡಿದರೆ, ಮನೆಯನ್ನು ಬಿಟ್ಟು ಹೋಗಲಾರದ ಹೆಣ್ಣುಮಗಳಿಗೂ ಆಕೆಯನ್ನು ನಂಬಿ ಅಂಗಳಕ್ಕೆ ಬರುವ ಕೂಸಿಗೂ ಏಕಕಾಲದಲ್ಲಿ ನ್ಯಾಯ ಸಲ್ಲುತ್ತದೆ.