ಗಲ್ಲಿಪೋಲಿ ತಲುಪದ ಕವಿ

ನವೆಂಬರ್ ಬಂತೆಂದರೆ ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಮಕ್ಕಳು ಕೋಟಿಗೆ ಕೆಂಪು ಕಾಗದದ ಹೂ ಚುಚ್ಚಿಕೊಂಡು ಶಾಲೆಯಿಂದ ಬರುತ್ತಾರೆ. ಒಮ್ಮೊಮ್ಮೆ ಜೊತೆಗೆ ಒಂದು ಪದ್ಯವೂ ಬರುತ್ತದೆ: ರೂಪರ್ಟ್ ಬ್ರೂಕ್ ಬರೆದ 'ದಿ ಸೋಲ್ಜರ್'. ತಾನು ಸತ್ತರೆ ತನ್ನನ್ನು ಹೂಳಿದ ಪರದೇಶದ ಮಣ್ಣು ಎಂದೆಂದಿಗೂ ಇಂಗ್ಲೆಂಡೇ ಆಗಿಬಿಡುತ್ತದೆ ಎನ್ನುವ ಕವಿತೆ. ಪರದೇಶದಲ್ಲೇ ಸಂಸಾರ ಹೂಡಿರುವ ನಮಗೆ ಆ ಮಾತು ಓದಿದಾಗಲೆಲ್ಲ ಮನಸ್ಸು ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. ಬರೆದವನು ಯಾರು, ಸತ್ತದ್ದು ಹೇಗೆ ಎಂದು ನೋಡಹೊರಟರೆ, ಕತೆ ನಾವು ಅಂದುಕೊಂಡ ಹಾಗಿಲ್ಲ.

ಬ್ರೂಕ್ ಹುಟ್ಟಿದ್ದು 1887ರಲ್ಲಿ, ರಗ್ಬಿ ಊರಿನಲ್ಲಿ. ತಂದೆ ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು. ಕೇಂಬ್ರಿಜ್‌ನಲ್ಲಿ ಓದಿದ ಈ ಚೆಲುವ ಯುದ್ಧಕ್ಕೆ ಮೊದಲೇ ಕವಿಯೆಂದು ಹೆಸರು ಮಾಡಿದ್ದ. 1914ರಲ್ಲಿ ನೌಕಾಪಡೆಯ ಭೂಸೇನಾ ವಿಭಾಗವಾದ ರಾಯಲ್ ನೇವಲ್ ಡಿವಿಷನ್ ಸೇರಿದ. ಅಕ್ಟೋಬರಿನಲ್ಲಿ ಆಂಟ್‌ವರ್ಪ್‌ಗೆ ಹೋಗಿ, ಕೆಲವು ದಿನ ಕಂದಕದಲ್ಲಿದ್ದು, ನಿರಾಶ್ರಿತರ ಸಾಲಿನ ನಡುವೆ ಹಿಂದೆ ಸರಿದು ಬಂದ. ಅವನು ಕಂಡ ಯುದ್ಧ ಅಷ್ಟೇ. ಮುಂದೆ ಹೆಸರಾದ ಆ ಐದು ಸಾನೆಟ್‌ಗಳು ಆ ವರ್ಷದ ಕೊನೆಯಲ್ಲಿ ಇಂಗ್ಲೆಂಡಿನಲ್ಲೇ ಬರೆದವು.

1915ರ ಫೆಬ್ರವರಿ 28ರಂದು ಅವನ ಹುಡ್ ಬೆಟಾಲಿಯನ್ 'ಗ್ರಾಂಟುಲಿ ಕ್ಯಾಸಲ್' ಹಡಗಿನಲ್ಲಿ ಹೊರಟಿತು. ಗುರಿ ಟರ್ಕಿಯ ಗಲ್ಲಿಪೋಲಿ. ದಾರಿಯಲ್ಲಿ ಈಜಿಪ್ಟಿನ ಬಿಸಿಲು ಬಡಿದು ಹಾಸಿಗೆ ಹಿಡಿದ. ಅಲ್ಲಿಗೆ ಬಂದ ಸೇನಾಪತಿ ಇಯಾನ್ ಹ್ಯಾಮಿಲ್ಟನ್ ತನ್ನ ಕಚೇರಿಯಲ್ಲೇ ಕೆಲಸ ಕೊಡುತ್ತೇನೆಂದರೂ, ತನ್ನ ಪಡೆಯ ಹುಡುಗರನ್ನು ಬಿಟ್ಟು ಬರಲಾರೆ ಎಂದ. ಆಮೇಲೆ ತುಟಿಯ ಮೇಲೊಂದು ಸೊಳ್ಳೆ ಕಡಿತ. ಅದು ನಂಜಾಗಿ ರಕ್ತಕ್ಕೆ ಏರಿತು. ಪೆನಿಸಿಲಿನ್ ಪತ್ತೆಯಾಗುವುದಕ್ಕೆ ಇನ್ನೂ ಹದಿಮೂರು ವರ್ಷವಿತ್ತು. ಏಪ್ರಿಲ್ 23ರ ಸಂಜೆ, ಗ್ರೀಸಿನ ಸ್ಕೈರೋಸ್ ದ್ವೀಪದ ಬಳಿ ಲಂಗರು ಹಾಕಿದ್ದ 'ಡ್ಯುಗೆ ತ್ರುವೆಂ' ಎಂಬ ಫ್ರೆಂಚ್ ಆಸ್ಪತ್ರೆ ಹಡಗಿನಲ್ಲಿ ತೀರಿಕೊಂಡ. ವಯಸ್ಸು 27.

ಹಡಗುಗಳು ಬೆಳಗಾಗುತ್ತಲೇ ಹೊರಡಬೇಕಿತ್ತು. ಹಾಗಾಗಿ ಗೆಳೆಯರು ಆ ರಾತ್ರಿಯೇ ಲಾಂದ್ರದ ಬೆಳಕಿನಲ್ಲಿ, ಕಲ್ಲು ತುಂಬಿದ ಒಣ ಹಳ್ಳದ ದಾರಿಯಲ್ಲಿ ಶವ ಹೊತ್ತು ನಡೆದರು. ಮೂರು ದಿನದ ಹಿಂದಷ್ಟೇ ಅವನು ಕೂತು ದಣಿವಾರಿಸಿಕೊಂಡಿದ್ದ ಆಲಿವ್ ತೋಪಿನಲ್ಲೇ ಮಣ್ಣು ಮಾಡಿದರು. ಮರದ ಶಿಲುಬೆಯ ಹಿಂಬದಿಯಲ್ಲಿ ದುಭಾಷಿ ಗ್ರೀಕಿನಲ್ಲಿ ಬರೆದ: ಕಾನ್‌ಸ್ಟಾಂಟಿನೋಪಲ್ ಬಿಡುಗಡೆಗಾಗಿ ಪ್ರಾಣ ಕೊಟ್ಟವನು ಎಂದು. ಆ ದಂಡಯಾತ್ರೆ ಆ ನಗರವನ್ನು ಮುಟ್ಟಲೇ ಇಲ್ಲ!

ಅತ್ತ ಲಂಡನ್ನಿನಲ್ಲಿ ಬೇರೆಯೇ ನಡೆದಿತ್ತು. ಏಪ್ರಿಲ್ 4ರ ಈಸ್ಟರ್ ಹಬ್ಬದಂದು ಸೇಂಟ್ ಪಾಲ್ಸ್ ಕೆಥೀಡ್ರಲ್‌ನಲ್ಲಿ ಡೀನ್ ಇಂಗ್ ಅವನ ಕವಿತೆಯನ್ನು ಓದಿದ್ದರು. ಸತ್ತ ಮೂರನೆಯ ದಿನ 'ದಿ ಟೈಮ್ಸ್'ನಲ್ಲಿ ಚರ್ಚಿಲ್ ಶ್ರದ್ಧಾಂಜಲಿ ಬರೆದ. ಕವನ ಸಂಕಲನ ಅದೇ ವರ್ಷ ಹೊರಬಂದು ಮುದ್ರಣದ ಮೇಲೆ ಮುದ್ರಣ ಕಂಡಿತು. ಸೊಳ್ಳೆ ಕಡಿದು ಸತ್ತ ಹುಡುಗ ವೀರಮರಣದ ಮೂರ್ತಿಯಾದ.

ಹೂಳಿ ಹೋದ ಗೆಳೆಯರ ಗತಿ? ಜಾಗ ಆರಿಸಿದ ಡೆನಿಸ್ ಬ್ರೌನ್ ಜೂನ್ 4ರಂದು ಗಲ್ಲಿಪೋಲಿಯಲ್ಲಿ ಬಿದ್ದ, ಶವ ಸಿಗಲಿಲ್ಲ. ಆಗಸ್ಟಿನಲ್ಲಿ ಚಾರ್ಲ್ಸ್ ಲಿಸ್ಟರ್, 1916ರಲ್ಲಿ ಸಂಗೀತಗಾರ ಎಫ್. ಎಸ್. ಕೆಲಿ, 1917ರಲ್ಲಿ ಪ್ಯಾಟ್ರಿಕ್ ಶಾ-ಸ್ಟುವರ್ಟ್. ಬ್ರೌನ್‌ನ ಹೆಸರು ಹೆಲ್ಲೆಸ್ ಸ್ಮಾರಕದ ಕಲ್ಲಿನಲ್ಲಿದೆ. ಗೋರಿಯೇ ಇಲ್ಲದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರುಗಳ ನಡುವೆ ಅಲ್ಲಿ ನಮ್ಮ ಭಾರತದ ಸಿಪಾಯಿಗಳೂ ಇದ್ದಾರೆ. ಅವರು ಬಿದ್ದ ಮಣ್ಣು ಭಾರತವಾಯಿತೆಂದು ಯಾವ ಪೀಠದಿಂದಲೂ ಯಾರೂ ಕವಿತೆ ಓದಲಿಲ್ಲ. ಬ್ರೂಕ್‌ನ ತಾಯಿಗೆ ಹಿರಿಮಗ 1907ರಲ್ಲೇ ಹೋಗಿದ್ದ. 1915ರ ಜೂನಿನಲ್ಲಿ ಕಿರಿಯವನೂ ಫ್ರಾನ್ಸಿನಲ್ಲಿ ಸತ್ತ.

ಸತ್ತ ಮೇಲೆ ಬ್ರೂಕ್‌ನ ಬರಹಗಳಲ್ಲಿ ಹಡಗಿನಲ್ಲಿ ಬರೆದ ಒಂದು ತುಣುಕು ಸಿಕ್ಕಿತು. ರಾತ್ರಿ ಡೆಕ್ಕಿನ ಕತ್ತಲಲ್ಲಿ ಒಬ್ಬನೇ ಅಡ್ಡಾಡುತ್ತ, ಒಳಗೆ ದೀಪದಡಿ ಇಸ್ಪೀಟು ಆಡುತ್ತಿದ್ದ ಗೆಳೆಯರನ್ನು ಕಿಟಕಿಯಿಂದ ನೋಡುತ್ತಾನೆ. ಅವರಿಗೆ ಇವನು ಕಾಣುವುದಿಲ್ಲ. ಈ ಗಟ್ಟಿಮುಟ್ಟಾದ ದೇಹಗಳು ಇನ್ನೇನು ಒಡೆದು ಚೂರಾಗಲಿವೆ ಎಂದು ಕರುಳು ಮಿಡಿಯುತ್ತದೆ. ಕಣ್ಣಿಗೆ ಅವರೆಲ್ಲ ಬರೀ ನೆರಳುಗಳಂತೆ ಕಾಣುತ್ತಾರೆ. ಇಲ್ಲಿ ಇಂಗ್ಲೆಂಡಿನ ಮಾತಿಲ್ಲ, ಮಣ್ಣಿನ ಹೆಮ್ಮೆಯಿಲ್ಲ.

ಆರು ತಿಂಗಳೊಳಗೆ ಒಬ್ಬನೇ ಮನುಷ್ಯ ಬರೆದ ಎರಡು ಕವಿತೆ. ದೇಶ ಮೊದಲನೆಯದನ್ನು ಎತ್ತಿಕೊಂಡಿತು, ಏಕೆಂದರೆ ಅದಕ್ಕೆ ಇನ್ನಷ್ಟು ಹುಡುಗರು ಬೇಕಾಗಿದ್ದರು. ಗಲ್ಲಿಪೋಲಿಯನ್ನು ಕಂಡಿದ್ದರೆ ಬ್ರೂಕ್ ಏನು ಬರೆಯುತ್ತಿದ್ದನೆಂದು ಕೇಳುವವರಿಗೆ ಆ ತುಣುಕಿನಲ್ಲೇ ಅರ್ಧ ಉತ್ತರವಿದೆ ಎಂದು ನಮಗನ್ನಿಸುತ್ತದೆ. ಮುಂದಿನ ನವೆಂಬರಿನಲ್ಲಿ ಮಕ್ಕಳು ಮೊದಲನೆಯ ಪದ್ಯವನ್ನು ಮನೆಗೆ ತಂದರೆ, ಎರಡನೆಯದನ್ನೂ ಜೊತೆಯಲ್ಲಿ ಕೂತು ಓದೋಣ.