ಬಹುಮತ ಎಣಿಸೋ ಜಾಗ ಯಾವುದು?



2018ರ ಮೇ ತಿಂಗಳಲ್ಲಿ ನಮ್ಮ ಕ್ಯಾಂಪ್ ರೂಮಿನಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಡ್ಯೂಟಿ ಮುಗಿಸಿ ಬಂದವರೆಲ್ಲ ಮೊಬೈಲ್ ಹಿಡಿದು ಬೆಂಗಳೂರಿನ ಸುದ್ದಿ ನೋಡ್ತಾ ಕೂತಿದ್ದೆವು. ಒಬ್ಬ ಗೆಳೆಯ ಕೇಳಿದ, "ನಮ್ಮ ಮನೆಯವರು ಓಟು ಹಾಕಿದ್ದು ಎಂಎಲ್‌ಎಗೆ. ಮುಖ್ಯಮಂತ್ರಿ ಯಾರು ಅಂತ ರಾಜ್ಯಪಾಲರು ಹೇಗೆ ತೀರ್ಮಾನ ಮಾಡ್ತಾರೆ?" ನನಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1956ರಲ್ಲಿ ನಮ್ಮ ರಾಜ್ಯ ಒಂದಾದಾಗ ಮೊದಲ ರಾಜ್ಯಪಾಲರಾದವರು ಜಯಚಾಮರಾಜ ಒಡೆಯರ್. ಸಿಂಹಾಸನದಲ್ಲಿ ಕೂತಿದ್ದ ಮಹಾರಾಜರೇ ಸಂವಿಧಾನದ ಅಡಿಯಲ್ಲಿ ಕೆಲಸ ಮಾಡಿದ್ದು ದೊಡ್ಡ ಮಾತು. 1965ರಲ್ಲಿ ಬಂದ ವಿ.ವಿ. ಗಿರಿಯವರು ಕಾರ್ಮಿಕ ಸಂಘಟನೆಯಿಂದ ಬೆಳೆದವರು, ಮುಂದೆ ರಾಷ್ಟ್ರಪತಿಯೇ ಆದರು. 1999ರಲ್ಲಿ ವಿ.ಎಸ್. ರಮಾದೇವಿ ನಮ್ಮ ಮೊದಲ ಮಹಿಳಾ ರಾಜ್ಯಪಾಲರಾದರು. ದೇಶದ ಮೊದಲ ಮಹಿಳಾ ಮುಖ್ಯ ಚುನಾವಣಾ ಆಯುಕ್ತರೂ ಅವರೇ.

ಇವೆಲ್ಲ ಹೆಮ್ಮೆಯ ಹೆಸರುಗಳು. ಆದರೆ ಇಡೀ ದೇಶಕ್ಕೆ ನಮ್ಮ ರಾಜ್ಯ ಕೊಟ್ಟ ಪಾಠ ಹುಟ್ಟಿದ್ದು ಒಬ್ಬ ರಾಜ್ಯಪಾಲರ ತಪ್ಪು ತೀರ್ಮಾನದಿಂದ.

1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ, ಪಿ. ವೆಂಕಟಸುಬ್ಬಯ್ಯ ರಾಜ್ಯಪಾಲರು. 19 ಶಾಸಕರು ಬೆಂಬಲ ವಾಪಸ್ ತಗೊಂಡಿದ್ದಾರೆ ಅಂತ ಪತ್ರಗಳು ರಾಜಭವನಕ್ಕೆ ಹೋದವು. ಅವರಲ್ಲಿ 7 ಮಂದಿ ಆಮೇಲೆ ತಮ್ಮಿಂದ ತಪ್ಪು ಹೇಳಿ ಸಹಿ ಹಾಕಿಸಿಕೊಂಡರು ಅಂದರು. ಸದನದಲ್ಲೇ ಬಹುಮತ ತೋರಿಸ್ತೇನೆ ಅಂತ ಬೊಮ್ಮಾಯಿ ಕೇಳಿಕೊಂಡರು. ಅವಕಾಶ ಸಿಗಲಿಲ್ಲ. ಏಪ್ರಿಲ್ 21ಕ್ಕೆ ಸರ್ಕಾರ ವಜಾ.

ಬೊಮ್ಮಾಯಿ ಹೈಕೋರ್ಟಿನಲ್ಲಿ ಸೋತರು, ಆದರೂ ಬಿಡಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಅನ್ನೋದನ್ನ ಸದನದಲ್ಲಿ ನೋಡಬೇಕು, ರಾಜ್ಯಪಾಲರ ಅಂದಾಜಿನಿಂದ ಅಲ್ಲ. ಕರ್ನಾಟಕದಲ್ಲಿ ಮಾಡಿದ ವಜಾ ಸಂವಿಧಾನಕ್ಕೆ ವಿರುದ್ಧ ಅಂತಲೂ ಹೇಳಿತು. ಹೋದ ಕುರ್ಚಿ ಬೊಮ್ಮಾಯಿಗೆ ವಾಪಸ್ ಬರಲಿಲ್ಲ, ಆದರೆ ಅವರ ಹೆಸರಿನ ಕೇಸು ಇವತ್ತಿಗೂ ದೇಶದ ಎಲ್ಲ ರಾಜ್ಯಗಳನ್ನು ಕಾಯ್ತಾ ಇದೆ.

ನಾನು ಎಲೆಕ್ಟ್ರಿಷಿಯನ್. ವೈರಿನಲ್ಲಿ ಕರೆಂಟ್ ಇದೆಯಾ ಅಂತ ನಾವು ನೋಡಿ ಹೇಳಲ್ಲ, ಮೀಟರ್ ಇಟ್ಟು ಹೇಳ್ತೇವೆ. ಬಹುಮತಕ್ಕೆ ಸದನವೇ ಮೀಟರ್.

ಆ ಮೀಟರ್ ಮತ್ತೆ ಮತ್ತೆ ಬೇಕಾಯ್ತು. 2010ರ ಅಕ್ಟೋಬರ್ 11ರಂದು ಗದ್ದಲದ ನಡುವೆ ಧ್ವನಿಮತದಿಂದ ಯಡಿಯೂರಪ್ಪ ಸರ್ಕಾರ ವಿಶ್ವಾಸಮತ ಪಡೆಯಿತು. ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಒಪ್ಪದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಆದರೂ ವಜಾ ಆಗಲಿಲ್ಲ. 14ರಂದು ಸದನದಲ್ಲಿ ಮತ್ತೆ ಮತ ನಡೆದು ಸರ್ಕಾರ ಉಳಿಯಿತು.

2018ರಲ್ಲಿ ಚುನಾವಣೆ ನಡೆದ 222 ಸ್ಥಾನಗಳಲ್ಲಿ ಬಿಜೆಪಿಗೆ 104. ಕಾಂಗ್ರೆಸ್, ಜೆಡಿಎಸ್ ಸೇರಿ ತಮಗೇ ಬಹುಮತ ಅಂದವು. ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವರನ್ನು ಕರೆದು 15 ದಿನ ಸಮಯ ಕೊಟ್ಟರು. ಸುಪ್ರೀಂ ಕೋರ್ಟ್ ರಾತ್ರೋರಾತ್ರಿ ವಿಚಾರಣೆ ನಡೆಸಿತು, ಆಮೇಲೆ ಮೇ 19ಕ್ಕೇ ಬಹುಮತ ಸಾಬೀತು ಮಾಡಿ ಅಂತು. ಮತಕ್ಕೆ ಮೊದಲೇ ಅವರು ರಾಜೀನಾಮೆ ಕೊಟ್ಟರು.

ಯಾವ ಪಕ್ಷ ಗೆದ್ದಿತು ಅನ್ನೋದು ಬೇರೆ ಮಾತು. ಊರಿಗೆ ಹೋಗದೆ ನಾವು ಓಟು ಹಾಕೋಕೆ ಆಗಲ್ಲ. ನಮ್ಮ ಪರವಾಗಿ ಅಪ್ಪ, ಅಮ್ಮ, ಹೆಂಡತಿ ಬಿಸಿಲಲ್ಲಿ ಸಾಲು ನಿಂತು ಹಾಕ್ತಾರೆ. ಆ ಓಟನ್ನು ಎಲ್ಲರ ಎದುರಿಗೆ, ವಿಧಾನಸಭೆಯಲ್ಲೇ ಎಣಿಸಬೇಕು. ಗೆಳೆಯನಿಗೆ ಆವತ್ತು ಕೊಡಲಾಗದ ಉತ್ತರ ಇದು.