ರಕ್ಕಸಗಿ-ತಂಗಡಗಿಯ ಬಯಲಿನಲ್ಲಿ ಒಂದು ದಿನ

ಕ್ರಿ.ಶ. 1565ರ ಜನವರಿ 23ರಂದು ಕೃಷ್ಣಾ ನದಿಯ ಆಸುಪಾಸಿನಲ್ಲಿ ನಡೆದ ಕದನವನ್ನು ಪಠ್ಯಪುಸ್ತಕಗಳು ತಾಳಿಕೋಟೆ ಯುದ್ಧವೆಂದು ಕರೆಯುತ್ತವೆ. ಆದರೆ ತಾಳಿಕೋಟೆ ಸುಲ್ತಾನರ ಸೇನೆಗಳು ಬೀಡುಬಿಟ್ಟಿದ್ದ ಊರು ಮಾತ್ರ. ಕದನ ಅಲ್ಲಿಂದ ದಕ್ಷಿಣಕ್ಕೆ, ನದಿಯ ಕಡೆ ನಡೆಯಿತು. ಆದ್ದರಿಂದಲೇ ನಮ್ಮ ಸೀಮೆಯ ಜನ ಅದನ್ನು ರಕ್ಕಸಗಿ-ತಂಗಡಗಿ ಕದನ ಎನ್ನುತ್ತಾರೆ. ಮದ್ರಸದ ಹಿರಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾವು ಈ ಜನವರಿಯಲ್ಲಿ ಒಂದು ದಿನ ವಿಜಯಪುರದಿಂದ ಫಜ್ರ್ ನಮಾಝಿನ ಬಳಿಕ ಅತ್ತ ಹೊರಟೆವು. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಅಂತ್ಯವನ್ನು ಕಣ್ಣಾರೆ ನೋಡಿರೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ನಾವಾದರೋ ಮನೆಯಂಗಳದ ಇತಿಹಾಸವನ್ನೇ ನೋಡಿರಲಿಲ್ಲ.

ನೋಡಲು ಅಲ್ಲಿ ಹೆಚ್ಚೇನೂ ಇಲ್ಲ. ಕಪ್ಪು ನೆಲ, ತೆನೆ ಬಿಟ್ಟ ಬಿಳಿಜೋಳ, ಕಡಲೆ, ದೂರದಲ್ಲಿ ನೀರು. ತಂಗಡಗಿಗೆ ಬರುವ ಭಕ್ತರು ಬಹುಮಟ್ಟಿಗೆ ಯುದ್ಧಕ್ಕಾಗಿ ಬರುವವರಲ್ಲ; ಬಸವಣ್ಣನವರ ಪತ್ನಿ ನೀಲಾಂಬಿಕೆಯವರ ಐಕ್ಯಸ್ಥಳವೆಂದು ಬರುವವರು. ನಾವು ನಿಂತ ಹೊಲದ ಬದುವಿನಲ್ಲಿ ಕದನವನ್ನು ನೆನಪಿಸುವ ಒಂದು ಕಲ್ಲೂ ಇರಲಿಲ್ಲ.

ಅಲ್ಲಿಯೇ ಒಬ್ಬ ಹುಡುಗ ಕೇಳಿದ: “ಹಜ್ರತ್, ಇಲ್ಲಿ ಗೆದ್ದವರು ನಮ್ಮವರೇ ಅಲ್ಲವೇ?”

ಈ ಪ್ರಶ್ನೆಯನ್ನು ಆ ಮಗು ತಾನಾಗಿ ಹುಟ್ಟಿಸಿಕೊಂಡದ್ದಲ್ಲ. ಹೊರಗೆ ಅವನಿಗೆ ‘ಹಂಪಿಯನ್ನು ಹಾಳುಮಾಡಿದವರು ನಿಮ್ಮವರು’ ಎಂಬ ಮಾತು ಕೇಳಿಸುತ್ತದೆ. ಅದಕ್ಕೆ ಉತ್ತರ ತೋಚದಾಗ ಅವನು ಅದನ್ನೇ ಹೆಮ್ಮೆಯನ್ನಾಗಿ ತಿರುಗಿಸಿಕೊಳ್ಳುತ್ತಾನೆ. ಆರೋಪವೂ ಹೆಮ್ಮೆಯೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು. ಹಾಗಾಗಿ ಬುತ್ತಿ ಬಿಚ್ಚುವ ಮೊದಲು ಎಲ್ಲರನ್ನೂ ಬದುವಿನ ಮೇಲೆ ಕೂರಿಸಿದೆವು.

ಒಂದು ಕಡೆ ಬಿಜಾಪುರದ ಅಲಿ ಆದಿಲ್ ಶಾಹ್, ಅಹ್ಮದ್‌ನಗರದ ಹುಸೇನ್ ನಿಝಾಮ್ ಶಾಹ್, ಗೋಲ್ಕೊಂಡದ ಇಬ್ರಾಹಿಮ್ ಕುತುಬ್ ಶಾಹ್, ಬೀದರಿನ ಅಲಿ ಬರೀದ್ ಶಾಹ್. ಇನ್ನೊಂದು ಕಡೆ ವಿಜಯನಗರದ ಅಳಿಯ ರಾಮರಾಯ. ಹೆಸರುಗಳನ್ನಷ್ಟೇ ಓದಿದರೆ ಧರ್ಮಯುದ್ಧದಂತೆ ಕಾಣುತ್ತದೆ. ಆದರೆ ಇದೇ ಇಬ್ರಾಹಿಮ್ 1543ರಿಂದ 1550ರವರೆಗೆ, ಏಳು ವರ್ಷ, ಸ್ವಂತ ಅಣ್ಣನಿಗೆ ಹೆದರಿ ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದ. ಅಲ್ಲಿ ತೆಲುಗು ಕಾವ್ಯದ ರುಚಿ ಹತ್ತಿಸಿಕೊಂಡ ಅವನನ್ನು ತೆಲುಗು ಕವಿಗಳು ಮಲ್ಕಿಭರಾಮನೆಂದು ಹಾಡಿದರು. ಇದೇ ಅಲಿ ಆದಿಲ್ ಶಾಹ್, ರಾಮರಾಯನ ಮಗ ತೀರಿಕೊಂಡಾಗ ಸಣ್ಣ ಪರಿವಾರದೊಂದಿಗೆ ಅವನ ರಾಜಧಾನಿಗೆ ಹೋಗಿ ದುಃಖದಲ್ಲಿ ಪಾಲುಗೊಂಡ. ರಾಮರಾಯನ ಪತ್ನಿ ಅವನನ್ನು ಮಗನೆಂದು ಸ್ವೀಕರಿಸಿದಳು. ಆಮೇಲೆ ಇಬ್ಬರೂ ಒಂದಾಗಿ ಅಹ್ಮದ್‌ನಗರದ ಮೇಲೆ ದಂಡೆತ್ತಿದರು. ಅಂದರೆ ಒಬ್ಬ ಮುಸ್ಲಿಂ ಸುಲ್ತಾನ, ಹಿಂದೂ ದೊರೆಯ ನೆರವಿನಿಂದ ಇನ್ನೊಬ್ಬ ಮುಸ್ಲಿಂ ಸುಲ್ತಾನನ ನಾಡನ್ನು ತುಳಿದ. ಆ ದಂಡಯಾತ್ರೆಯಲ್ಲಿ ರಾಮರಾಯನ ಸೈನಿಕರು ಮಸೀದಿಗಳಿಗೆ ಅಪಚಾರವೆಸಗಿದರೆಂದು ಫಿರಿಶ್ತಾ ದೂರುತ್ತಾನೆ. ದೂರಿನಲ್ಲಿ ಸತ್ಯವಿದ್ದೀತು. ಆದರೆ ಫಿರಿಶ್ತಾ ಬರೆದದ್ದು ದಶಕಗಳ ನಂತರ, ಬಿಜಾಪುರದ ಆಸ್ಥಾನದಲ್ಲಿ ಕುಳಿತು ಎಂಬುದನ್ನೂ ಮರೆಯಬಾರದು.

ಕೊನೆಗೆ ಸಿಡಿದ ಕಿಡಿ ಯಾವುದು? ರಾಯಚೂರು, ಮುದಗಲ್ಲು, ಯಾದಗಿರಿ, ಬಾಗಲಕೋಟೆಗಳನ್ನು ಹಿಂದಿರುಗಿಸೆಂದು ಅಲಿ ಕೇಳಿದ. ರಾಮರಾಯ ಅವನ ದೂತನನ್ನು ಅವಮಾನಿಸಿ ಕಳುಹಿಸಿದ. ಜಗಳ ಕೋಟೆಗಳದು. ಮೈತ್ರಿಯನ್ನು ಬಿಗಿದದ್ದೂ ಮದುವೆಗಳೇ: ಹುಸೇನನ ಮಗಳು ಚಾಂದ್‌ಬೀಬಿ ಅಲಿಯ ಕೈಹಿಡಿದಳು, ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು.

ವಿಜಯನಗರದ ಸೇನೆಯಲ್ಲಿ ಮುಸ್ಲಿಮರು ತಲೆಮಾರುಗಳಿಂದ ಇದ್ದರು. ಎರಡನೆಯ ದೇವರಾಯನ ಕಾಲದಲ್ಲಿ, 1439ರಲ್ಲಿ, ಅಹ್ಮದ್ ಖಾನನೆಂಬ ಅಧಿಕಾರಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ಅದರ ಕನ್ನಡ ಶಾಸನ ಅದನ್ನು ಧರ್ಮಸಾಲೆ ಎನ್ನುತ್ತದೆ. ಕದನದ ದಿನವೂ ರಾಮರಾಯನ ಪಾಳೆಯದಲ್ಲಿ ಮುಸ್ಲಿಂ ನಾಯಕರಿದ್ದರು. ಅವರಲ್ಲಿ ಇಬ್ಬರು ಪಕ್ಷ ಬದಲಿಸಿದ್ದೇ ಸೋಲಿಗೆ ಕಾರಣವೆಂದು 1567ರಲ್ಲಿ ಹಂಪಿಗೆ ಬಂದ ವೆನಿಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಬರೆದಿದ್ದಾನೆ. ಅದು ನಿಜವೇ ಆಗಿದ್ದರೆ ನಾವು ಅದನ್ನು ಜಾಣತನವೆಂದು ಮೆಚ್ಚಲಾರೆವು. ಉಂಡ ಮನೆಗೆ ಬಗೆದ ಆ ದ್ರೋಹಕ್ಕೆ ಪ್ರವಾದಿ(ಸ)ರ ಬೋಧನೆಯಲ್ಲಿ ಕಪಟವಿಶ್ವಾಸಿಯ ಲಕ್ಷಣವೆಂದೇ ಹೆಸರು.

ಸೆರೆಸಿಕ್ಕ ವೃದ್ಧ ರಾಮರಾಯನ ತಲೆಯನ್ನು ಹುಸೇನ್ ನಿಝಾಮ್ ಶಾಹ್ ತೆಗೆಸಿದ. ಮುಂದೆ ಗೆದ್ದ ಸೇನೆಗಳು ವಿಜಯನಗರವನ್ನು ಹೊಕ್ಕು ತಿಂಗಳುಗಟ್ಟಲೆ ಸೂರೆಗೈದವು. ಇಲ್ಲಿ ನಾವು ಮಾತನ್ನು ಮೃದು ಮಾಡಲಿಲ್ಲ. ಶಾಮ್ ದೇಶಕ್ಕೆ ಸೇನೆ ಕಳುಹಿಸುವಾಗ ಖಲೀಫಾ ಅಬೂಬಕ್ಕರ್ ಸಿದ್ದೀಕ್(ರ)ರು ಸ್ತ್ರೀಯರನ್ನು, ಮಕ್ಕಳನ್ನು, ವೃದ್ಧರನ್ನು ಕೊಲ್ಲಬಾರದು, ಫಲ ಕೊಡುವ ಮರ ಕಡಿಯಬಾರದು, ಜನವಸತಿಯನ್ನು ಪಾಳುಗೆಡವಬಾರದು ಎಂದು ವಿಧಿಸಿದ್ದರು. ಆ ಅಳತೆಗೋಲನ್ನು ಹಿಡಿದು ನೋಡಿದರೆ ಹಂಪಿಯಲ್ಲಿ ನಡೆದದ್ದು ಅನ್ಯಾಯ. ಅನ್ಯಾಯವೆಸಗಿದವನ ಹೆಸರು ಅಲಿಯಾಗಿರಲಿ, ಹುಸೇನನಾಗಿರಲಿ, ತೀರ್ಪು ಬದಲಾಗದು. ಹುಸೇನನಂತೂ ಅದೇ ವರ್ಷ ಜೂನಿನಲ್ಲಿ ತೀರಿಕೊಂಡ. ಬಿಜಾಪುರವೂ ಅಹ್ಮದ್‌ನಗರವೂ ಬೇಗನೆ ಮತ್ತೆ ಪರಸ್ಪರ ಕತ್ತಿ ಹಿರಿದವು.

ಝುಹರ್‌ಗೆ ಕೃಷ್ಣೆಯ ನೀರಿನಲ್ಲಿ ವುಝೂ ಮಾಡಿ ಹೊಲದಲ್ಲಿಯೇ ನಮಾಝ್ ನಿರ್ವಹಿಸಿದೆವು. ಸಂಜೆ ವಿಜಯಪುರಕ್ಕೆ ಮರಳಿ ಮಗ್ರಿಬ್‌ಗೆ ಜಾಮಿಯಾ ಮಸೀದಿ ತಲುಪಿದೆವು. ಅಲಿ ಆದಿಲ್ ಶಾಹ್ ಈ ಕದನದ ನಂತರ ಕಟ್ಟಿಸಲು ಆರಂಭಿಸಿದ ಮಸೀದಿಯಿದು. ಕೊಳ್ಳೆಯ ಹಣದಿಂದಲೇ ಕಟ್ಟಿಸಿದನೆಂಬ ಮಾತು ರೂಢಿಯಲ್ಲಿದೆ. ಮೆಟ್ಟಿಲ ಬಳಿ ಅದೇ ಹುಡುಗ ನಮ್ಮನ್ನು ತಡೆದ: “ಹಾಗಾದರೆ ಹಜ್ರತ್, ಇಲ್ಲಿ ನಮ್ಮ ನಮಾಝ್ ಆಗುತ್ತದೆಯೇ?”

ಬೆಳಿಗ್ಗೆ ಗೆಲುವಿನ ಲೆಕ್ಕ ಕೇಳಿದವನು ಸಂಜೆ ಹಲಾಲಿನ ಲೆಕ್ಕ ಕೇಳುತ್ತಿದ್ದ. ನಮಾಝ್ ಆಗುತ್ತದೆ ಮಗು, ಆ ಹಣದ ಲೆಕ್ಕವನ್ನು ಕಟ್ಟಿಸಿದವನು ಅಲ್ಲಾಹನ ಮುಂದೆ ಒಪ್ಪಿಸಬೇಕು ಎಂದೆವು. ಇಕಾಮತ್ ಕೇಳಿಸಿತು. ಅವನು ಚಪ್ಪಲಿ ಬಿಟ್ಟು ಒಳಗೆ ಓಡಿದ.